ಬಾಣಕ್ಕೆ ಯಾವ ಲೋಹ?

ದೋಸೆಗೆ ಕಬ್ಬಿಣದ ಕಾವಲಿ, ನೀರು ಕಾಯಿಸಲು ತಾಮ್ರದ ಹಂಡೆ, ಬೈಸಿಕಲ್ಲಿನ ಚೌಕಟ್ಟಿಗೆ ಉಕ್ಕಿನ ಕೊಳವೆ. ಯಾವ ಕೆಲಸಕ್ಕೆ ಯಾವ ಲೋಹ ತಕ್ಕದ್ದೆಂಬುದನ್ನು ನಾವು ಬಹುಕಾಲದಿಂದ ಬಲ್ಲೆವು. ಹದಿನೆಂಟನೆಯ ಶತಮಾನದ ಮೈಸೂರು ಸೀಮೆಯಲ್ಲಿ ಇಂಥದೇ ಒಂದು ಆಯ್ಕೆ ಯುದ್ಧದ ರೀತಿಯನ್ನೇ ಬದಲಿಸಿತು.

ಬಾಣವೆಂದು ನಮ್ಮವರು ಕರೆದ ರಾಕೆಟ್ಟು ಹೈದರನ ಕಾಲಕ್ಕೆ ಹೊಸದೇನಲ್ಲ. ಜಾತ್ರೆಯ ಬಿರುಸನ್ನು ನೀವೂ ಕಂಡಿದ್ದೀರಿ. ಕಾಗದದ ಇಲ್ಲವೆ ಬಿದಿರಿನ ಕೊಳವೆ, ಒಳಗೆ ಮದ್ದು, ಹಿಂದೊಂದು ಕಡ್ಡಿ. ಮದ್ದು ಉರಿದು ಹುಟ್ಟಿದ ಅನಿಲ ಹಿಂಬದಿಯ ಕಂಡಿಯಿಂದ ರಭಸವಾಗಿ ನುಗ್ಗಿದಷ್ಟೂ ಬಾಣ ಮುಂದಕ್ಕೆ ಹಾರುತ್ತದೆ. ದೂರ ಹಾರಬೇಕಾದರೆ ಒಳಗಿನ ಒತ್ತಡ ಹೆಚ್ಚಬೇಕು. ಒತ್ತಡ ಹೆಚ್ಚಿದರೆ ಕಾಗದವೂ ಬಿದಿರೂ ಸಿಡಿದುಹೋಗುತ್ತವೆ. ಆದ್ದರಿಂದ ಗಟ್ಟಿಯಾದ ಕೊಳವೆಯೇ ಬೇಕಾಯಿತು.

ಲೋಹಗಳ ಗುಣವನ್ನು ತೂಗಿ ನೋಡಿದರೆ ನಮ್ಮವರ ಆಯ್ಕೆಯ ವಿವೇಕ ತಿಳಿಯುತ್ತದೆ. ಎರಕದ ಕಬ್ಬಿಣ ಗಡುಸು, ಆದರೆ ಪೆಡಸು. ತೆಳ್ಳಗಾದರೆ ಒಡೆಯುತ್ತದೆ, ದಪ್ಪವಾದರೆ ಭಾರ. ತಾಮ್ರ, ಹಿತ್ತಾಳೆಗಳು ಬೆಲೆಯುಳ್ಳವು. ಚನ್ನಪಟ್ಟಣದಲ್ಲಿ ವಾದ್ಯದ ತಂತಿಯಾಗುತ್ತಿದ್ದಂಥ ಉಕ್ಕು ಸ್ವಲ್ಪಸ್ವಲ್ಪವಾಗಿ ತಯಾರಾಗುವಂಥದು. ಬಡಿದು ಹದಗೊಳಿಸಿದ ಮೆದು ಕಬ್ಬಿಣವಾದರೋ ಬಾಗುತ್ತದೆ, ಬೇಗ ಸೀಳದು. ಅದನ್ನು ಬಡಿದು ಬೇಕಾದ ಆಕಾರಕ್ಕೆ ತರುವ ವಿದ್ಯೆ ಕಮ್ಮಾರರ ಕೈಯಲ್ಲೇ ಇತ್ತು. ಮಾಗಡಿ, ಮಧುಗಿರಿಗಳ ಕಡೆ ಅದಿರು ಕರಗಿಸುತ್ತಿದ್ದುದನ್ನು 1800ರಲ್ಲಿ ಈ ನಾಡಿನಲ್ಲಿ ಸಂಚರಿಸಿದ ಬುಕಾನನ್ ಬರೆದಿಟ್ಟಿದ್ದಾನೆ.

ಹೈದರ್ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚರ ಬಿಡಾರದಿಂದ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದಿತ್ತು. ಈ ಬಾಣವೂ ಅವರದೇ ಕೊಡುಗೆಯೆ? ಅಲ್ಲ. ಆಗಿನ ಯುರೋಪಿನ ಸೈನ್ಯಗಳಲ್ಲಿ ಇಂಥ ಕಬ್ಬಿಣದ ಬಾಣ ಬಳಕೆಯಲ್ಲಿರಲಿಲ್ಲ.

ಇಂಗ್ಲೆಂಡಿನ ವೂಲಿಚ್ ವಸ್ತುಸಂಗ್ರಹಾಲಯದಲ್ಲಿದ್ದ ಒಂದು ಬಾಣವನ್ನು ವಿಜ್ಞಾನಿ ರೊದ್ದಂ ನರಸಿಂಹ ವರ್ಣಿಸಿದ್ದಾರೆ: ಕೊಳವೆಯ ಉದ್ದ 254 ಮಿಲಿಮೀಟರ್, ಅಗಲ 58, ಅದಕ್ಕೆ ಕಟ್ಟಿದ್ದುದು ಮೀಟರ್ ಉದ್ದದ ಕತ್ತಿಯ ಅಲಗು. ಇಂಥ ಬಾಣಗಳು ಕಿಲೋಮೀಟರಿಗೂ ಮಿಕ್ಕಿ ಹಾರುತ್ತಿದ್ದುವು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆ ಇವುಗಳ ರುಚಿ ಕಂಡಿತು. 1799ರ ಏಪ್ರಿಲ್ 5ರ ರಾತ್ರಿ, ಶ್ರೀರಂಗಪಟ್ಟಣದ ಬಳಿ ಸುಲ್ತಾನಪೇಟೆಯ ತೋಪಿನಲ್ಲಿ, ಮುಂದೆ ನೆಪೋಲಿಯನ್ನನನ್ನು ಗೆದ್ದ ವೆಲ್ಲೆಸ್ಲಿಯೇ ಹಿಮ್ಮೆಟ್ಟಬೇಕಾಯಿತು.

ಮೇ 4ರಂದು ಕೋಟೆ ಬಿತ್ತು. ಬಾಣಗಳು ಹಡಗೇರಿ ಇಂಗ್ಲೆಂಡಿಗೆ ಹೋದುವು. ವಿಲಿಯಂ ಕಾಂಗ್ರೀವ್ ಅವುಗಳ ಜಾಡು ಹಿಡಿದು ಪ್ರಯೋಗ ನಡೆಸಿದ. 1806ರಲ್ಲಿ ಬುಲೋನಿನ ಮೇಲೆ, 1807ರಲ್ಲಿ ಕೋಪನ್‌ಹೇಗನ್ನಿನ ಮೇಲೆ ಹಾರಿದ ಕಬ್ಬಿಣದ ರಾಕೆಟ್ಟುಗಳು ಅವನ ಹೆಸರಿನಿಂದಲೇ ಪ್ರಸಿದ್ಧವಾದುವು.

ಇತ್ತ 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ಬಾಣಗಳು ದೊರೆತುವು. ಕೊಳವೆಗಳು ಉಳಿದಿವೆ, ಬಡಿದವರ ಹೆಸರು ಉಳಿದಿಲ್ಲ. ಶ್ರೀರಂಗಪಟ್ಟಣಕ್ಕೆ ಹೋದಾಗ ದರಿಯಾ ದೌಲತ್ತಿನ ಗೋಡೆಯ ಮೇಲೆ ಪೊಳ್ಳಿಲೂರಿನ ಕದನಚಿತ್ರವನ್ನು ನೋಡಿ. ಕುದುರೆಯ ಮೇಲಿನ ದೊರೆಯ ಜತೆಗೆ ಕುಲುಮೆಯ ಮುಂದೆ ಕುಳಿತವನನ್ನೂ ನೆನೆಯಿರಿ.