ಬಾಣದ ಬಳುಕು, ಬೆರಳಿನ ಲೆಕ್ಕ

ಕಡಿಯಾಳಿಯಂಥ ಊರಿನ ಹಿತ್ತಿಲಲ್ಲಿ ಬಿದಿರ ಸೀಳಿಗೆ ದಾರ ಬಿಗಿದು ಹಿಡಿಸೂಡಿ ಕಡ್ಡಿ ಹೂಡಿದ ಮಕ್ಕಳಿಗೆ ಗೊತ್ತು: ಕಡ್ಡಿ ತೀರ ಬಳುಕಿದರೆ ಗುರಿ ಒಂದು ಕಡೆ, ಅಂಬು ಇನ್ನೊಂದು ಕಡೆ. ಬಾಣ ಎಷ್ಟು ಬಿಗಿಯಿರಬೇಕೆಂಬ ವಿದ್ಯೆಯ ಬೇರು ಇಲ್ಲೇ ಇದೆ.

ಹಳಬರು ಅದನ್ನು ಅಂಕಿಯಲ್ಲಿ ಅಳೆಯದೆ ಆಕಾರದಲ್ಲಿ ಗುರುತಿಸಿದರು. ವಸಿಷ್ಠನ ಹೆಸರಿನ ಧನುರ್ವೇದದಲ್ಲಿ ಮುಂದೆ ದಪ್ಪಗಿರುವ ಬಾಣ ಸ್ತ್ರೀ, ದೂರಕ್ಕೆ; ಹಿಂದೆ ದಪ್ಪಗಿರುವುದು ಪುರುಷ, ಗಟ್ಟಿ ಗುರಿಯ ಭೇದನಕ್ಕೆ; ಸಮನಾದದ್ದು ನಪುಂಸಕ, ಅಭ್ಯಾಸಕ್ಕೆ. ಹೆದೆ ಹಿಡಿಯಲು ಪತಾಕಾ, ಸಿಂಹಕರ್ಣ ಮೊದಲಾದ ಐದು ಮುಷ್ಟಿಗಳು. ದ್ರೋಣ ಏಕಲವ್ಯನ ಹೆಬ್ಬೆರಳನ್ನೇ ಕೇಳಿದ್ದೂ ಸುಮ್ಮನೆ ಅಲ್ಲ. ಉಳಿದ ಬೆರಳುಗಳಿಂದ ಸೆಳೆದಾಗ ಅವನಿಗೆ ಮೊದಲಿನ ವೇಗ ಬರಲಿಲ್ಲವೆಂದು ಮಹಾಭಾರತವೇ ಹೇಳುತ್ತದೆ. ತಾಳಮದ್ದಳೆಯಲ್ಲಿ ಗುರುದಕ್ಷಿಣೆಯ ನ್ಯಾಯಾನ್ಯಾಯ ಬೆಳಗಿನವರೆಗೂ ನಡೆದೀತು. ಈ ಕಸುಬಿನ ಸುಳಿವಿನ ಕಡೆಗೆ ಗಮನ ಹೋಗುವುದು ಕಡಿಮೆ.

ಅಮೆರಿಕದ ಎಡ್ವರ್ಡ್ ಮೋರ್ಸ್ 1885ರಲ್ಲಿ ಹೆದೆ ಬಿಡುವ ಕ್ರಮಗಳನ್ನು ವಿಂಗಡಿಸಿದ. ಮೂರು ಬೆರಳಿನದು ಮೆಡಿಟರೇನಿಯನ್, ಹೆಬ್ಬೆರಳಿನದು ಮಂಗೋಲಿಯನ್. ಬಿಲ್ಲಿನ ಹಿಡಿ ಅಡ್ಡವಿದ್ದರೂ ಬಾಣ ನೇರ ಹೋಗುವುದು ಹೇಗೆಂಬ ಒಗಟಿಗೆ ಉತ್ತರ ಕೊಟ್ಟದ್ದು ಹಿಕ್‌ಮನ್, ಕ್ಲಾಪ್‌ಸ್ಟೆಗ್ ಮುಂತಾದ ಭೌತವಿಜ್ಞಾನಿಗಳ ಕಾಲದ ಅತಿವೇಗದ ಛಾಯಾಚಿತ್ರಗಳು: ಬಾಣ ಹಾವಿನಂತೆ ಬಳುಕಿ ಹಿಡಿಯನ್ನು ಬಳಸಿಕೊಂಡು ಹೋಗುತ್ತದೆ. ಆಮೇಲೆ ಅಳತೆ ಬಂತು. 26 ಅಂಗುಲದ ಅಂತರದ ಎರಡು ಆಧಾರಗಳ ಮೇಲೆ ಬಾಣವನ್ನಿಟ್ಟು ನಡುವೆ 2 ಪೌಂಡ್ ತೂಗಿಸಿ, ಎಷ್ಟು ಅಂಗುಲ ಬಾಗಿತೋ ಅದರಿಂದ 26ನ್ನು ಭಾಗಿಸುವುದು. ಅರ್ಧ ಅಂಗುಲ ಬಾಗಿದರೆ ಬಿಗಿ 52 ಪೌಂಡ್. ಇಂದಿನ ಕಾರ್ಬನ್ ಬಾಣಗಳಲ್ಲಿ ಆಧಾರದ ಅಂತರ 28 ಅಂಗುಲ, ತೂಕ 880 ಗ್ರಾಂ. ಅಲ್ಲಿ ಬಾಗಿದ ಅಳತೆಯೇ ಅಂಕಿ, ಹಾಗಾಗಿ ಅಂಕಿ ದೊಡ್ಡದಾದಷ್ಟೂ ಬಾಣ ಮೆತ್ತಗೆ. ಹೊಸಬರು ಎಡವುವುದು ಇಲ್ಲೇ. ಮರದ ಬಾಣ ಹೆರೆಯುವವರಿಗಂತೂ ಕೂದಲೆಳೆಯೂ ದೊಡ್ಡದು: ಒಂದೇ ಮರದ ಗಟ್ಟಿ ಕಡ್ಡಿಯ ವ್ಯಾಸ ಶೇ. 10 ಹೆಚ್ಚಿದರೆ ಬಿಗಿ ಶೇ. 46ರಷ್ಟು ಏರುತ್ತದೆ.

ಬಾಣದ ಬಿಗಿ ಆರಿಸಲು ಅಂಗಡಿಯವರು ಕೊಡುವ ಪಟ್ಟಿಗಳ ಮೇಲೆ ನನ್ನ ತಕರಾರು ಒಂದೇ. ಅವು ಬಹುಪಾಲು ಮೂರು ಬೆರಳಿನವರಿಗೆ ಬರೆದವು. ಬಲಗೈಯವರು ಹಾಗೆ ಸೆಳೆದರೆ ಬಾಣ ಬಿಲ್ಲಿನ ಎಡಕ್ಕೆ ಕೂರುತ್ತದೆ. ಬಿಗಿ ಹೆಚ್ಚಾದರೆ ಎಡಕ್ಕೂ ಕಡಿಮೆಯಾದರೆ ಬಲಕ್ಕೂ ಹೋಗುತ್ತದೆ. ಹೆಬ್ಬೆರಳಿನವರ ಬಾಣ ಕೂರುವುದು ಬಲಕ್ಕೆ, ಆದ್ದರಿಂದ ಲೆಕ್ಕವೂ ತಿರುಗುಮುರುಗು. ಅವರು ಹೆದೆಯನ್ನು ಕಿವಿಯಾಚೆಗೂ ಎಳೆದರೆ ಬಾಣ ಉದ್ದ ಬೇಕು. ಉದ್ದವಾದಷ್ಟೂ ಬಳುಕು ಜಾಸ್ತಿ. ಬಾಣ ಬಿಡುವಾಗ ಬಿಲ್ಲಿನ ಕೈಯನ್ನು ತಿರುಗಿಸಿ ಹಿಡಿಯನ್ನು ದಾರಿಯಿಂದ ಸರಿಸಬಲ್ಲವರಿಗೆ ಮಾತ್ರ ತುಸು ಬಿಗಿಯಾದ ಬಾಣವೂ ನಡೆಯುತ್ತದೆ.

ಹಾಗಾಗಿ ಒಂದೇ ಸಲ ಡಜನ್ ಬಾಣ ಕೊಳ್ಳಬೇಡಿ. ಮೂರು ಬಗೆಯ ಬಿಗಿಯಲ್ಲಿ ಒಂದೊಂದು ತಂದು, ಗರಿ ಅಂಟಿಸುವ ಮೊದಲು ಹಿಂದೆ ಯಾರೂ ಇಲ್ಲದ ಮಣ್ಣಿನ ದಿಣ್ಣೆಗೆ ಹತ್ತಿರದಿಂದ ಬಿಟ್ಟು ನೋಡಿ.