ಇಸ್ಲಾಮೀ ಧರ್ಮಶಾಸ್ತ್ರದ ಮೂಲಗಳು

ದೇವನೊಬ್ಬನೇ ಎಂಬ ತೌಹೀದ್ ಇಸ್ಲಾಮಿನ ತಿರುಳು. ದೇವಚರರು, ದೈವಿಕ ಗ್ರಂಥಗಳು, ಪ್ರವಾದಿಗಳು, ಅಂತಿಮ ದಿನ, ವಿಧಿ ಇವುಗಳ ಮೇಲಿನ ವಿಶ್ವಾಸವನ್ನೂ ಸುನ್ನಿಗಳು ಇದರೊಡನೆ ಎಣಿಸುತ್ತಾರೆ. ಇದು ವಿಶ್ವಾಸದ ಮಾತು; ಆಚರಣೆಯ ವಿಧಿನಿಷೇಧಗಳಿಗೆ ಮೊದಲ ಆಧಾರ ಕುರ್‌ಆನ್. ಆದರೆ ಅದರ ಆರು ಸಾವಿರಕ್ಕೂ ಮಿಕ್ಕ ಸೂಕ್ತಗಳಲ್ಲಿ ನೇರವಾಗಿ ಕಾನೂನು ಹೇಳುವವು ಕಡಿಮೆ. ನಮಾಜು ಮಾಡಿರೆಂದು ಅದು ಆದೇಶಿಸುತ್ತದೆ. ಯಾವ ಹೊತ್ತಿಗೆ ಎಷ್ಟು ರಕಅತ್ (ನಮಾಜಿನ ಆವರ್ತ) ಎಂಬುದು ತಿಳಿಯುವುದು ಪ್ರವಾದಿ ಮುಹಮ್ಮದರ ನಡೆನುಡಿಯಿಂದ, ಎಂದರೆ ಹದೀಸುಗಳಲ್ಲಿ ದಾಖಲಾದ ಸುನ್ನತ್ತಿನಿಂದ. ಆಮೇಲೆ ವಿದ್ವಾಂಸರ ಒಮ್ಮತ (ಇಜ್ಮಾ), ಕೊನೆಗೆ ಸಾದೃಶ್ಯದ ತರ್ಕ (ಕಿಯಾಸ್). ದ್ರಾಕ್ಷಾಮದ್ಯ ನಿಷಿದ್ಧವಾದದ್ದು ಅಮಲಿನ ಕಾರಣಕ್ಕೆ. ಆದ್ದರಿಂದ ಅಮಲೇರಿಸುವ ಬೇರೆ ಪದಾರ್ಥವೂ ನಿಷಿದ್ಧ ಎಂಬುದು ಕಿಯಾಸಿನ ಹಳೆಯ ಉದಾಹರಣೆ.

ಈ ಕ್ರಮವನ್ನು ಶಾಸ್ತ್ರವಾಗಿ ಕಟ್ಟಿದವರಲ್ಲಿ ‘ರಿಸಾಲಾ’ ಬರೆದ ಇಮಾಮ್ ಶಾಫಿಈ (767–820) ಪ್ರಮುಖರು. ಇನ್ನೊಂದು ಸುನ್ನಿ ಕಾನೂನು ಪಂಥದವರಾದ ಹನಫಿಗಳು ಮಾನ್ಯ ಮಾಡುವ ‘ಇಸ್ತಿಹ್ಸಾನ್’ (ಹಿತವೆನಿಸಿದ್ದನ್ನು ಆಯ್ದುಕೊಳ್ಳುವುದು) ಅವರಿಗೆ ಸರಿಬೀಳಲಿಲ್ಲ. ತರ್ಕ ಸಡಿಲವಾಗುತ್ತದೆಂಬ ಅವರ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ದ್ವಾದಶ ಇಮಾಮಿ ಶಿಯಾಗಳು ಕಿಯಾಸನ್ನು ಒಪ್ಪದೆ ವಿವೇಕಕ್ಕೆ (ಅಕ್ಲ್) ಆ ಸ್ಥಾನ ಕೊಡುತ್ತಾರೆ.

ಕರ್ನಾಟಕದ ಒಳನಾಡಿನ ಸುನ್ನಿಗಳು ಹೆಚ್ಚಾಗಿ ಹನಫಿಗಳು. ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿಈಗಳು. ಈ ಪಂಥಭೇದ ನಿತ್ಯದ ಆಚರಣೆಯಲ್ಲೂ ಕಾಣುತ್ತದೆ: ಅಸರ್ (ಮಧ್ಯಾಹ್ನದ ನಂತರದ) ನಮಾಜಿನ ಹೊತ್ತು ಹನಫಿಗಳಿಗೆ ತುಸು ತಡವಾಗಿ ಆರಂಭವಾಗುತ್ತದೆ.