ಹಳೇ ಗಾಡಿ, ಹೊಸ ಪೆಟ್ರೋಲು

ಗುಂಜೋಟಿ, ಉಮರ್ಗಾ, ನಿಲಂಗಾ ಕಡೆಯ ಬಂಧುಗಳೇ, ನಿಮ್ಮಲ್ಲಿ ಕೆಲವರ ಅಂಗಳದಲ್ಲಿ ಇನ್ನೂ ಒಂದು ಪದ್ಮಿನಿಯೋ ಅಂಬಾಸಿಡರೋ ನಿಂತಿರಬಹುದು. ಬಸ್ಸಿಲ್ಲದ ರಾತ್ರಿ ಬಸುರಿ ಹೆಂಗಸರನ್ನು ದವಾಖಾನೆಗೆ ಮುಟ್ಟಿಸಿದ ಗಾಡಿಗಳು ಇವು. ಈಗ ಚಳಿಯ ಮುಂಜಾನೆ ಚಾಲೂ ಆಗುವುದಿಲ್ಲ. ಆದರೂ ನಿಂತಲ್ಲೇ ಬಂದ್ ಬೀಳುತ್ತವೆ. 'ಭಂಗಾರಕ್ಕೆ ಹಾಕಿ' ಎನ್ನುವವರೇ ಹೆಚ್ಚು. ಮರಾಠಿಯ ಭಂಗಾರಕ್ಕೂ ನಮ್ಮ ಬಂಗಾರಕ್ಕೂ ಒಂದೇ ಅಕ್ಷರದ ಅಂತರ. ಹಾಕುವ ಮೊದಲು ಅದರ ಚರಿತ್ರೆ ಸ್ವಲ್ಪ ಕೇಳಿ.

ಪದ್ಮಿನಿಗೂ ನಮ್ಮ ಸೀಮೆಗೂ ನಂಟುಂಟು. 1882ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಮೋಟಾರು ಈ ದೇಶದಲ್ಲೇ ತಯಾರಾಗಬೇಕೆಂದು ಅದಕ್ಕೂ ಮೊದಲೇ ಯೋಜನೆ ಹಾಕಿ ಓಡಾಡಿದವರು ನಮ್ಮ ವಿಶ್ವೇಶ್ವರಯ್ಯನವರು. ಮುಂಬಯಿಯ ಕುರ್ಲಾ ಕಾರಖಾನೆಯಲ್ಲಿ ಇಟಲಿಯ ಫಿಯೆಟ್ 1100 ತಯಾರಾಯಿತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು.

ಅಮೆರಿಕದ ಕ್ಯಾಡಿಲಾಕ್ ಗಾಡಿಗೆ 1912ರಲ್ಲೇ ಕರೆಂಟಿನ ಸೆಲ್ಫ್ ಬಂದಿತ್ತು. ಆದರೂ ಅಂಬಾಸಿಡರಿನ ಡಿಕ್ಕಿಯಲ್ಲಿ ಹ್ಯಾಂಡಲ್ ಬಹುಕಾಲ ಉಳಿಯಿತು. ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟು ತಿರುವಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು.

ಇನ್ನು ರೋಗಕ್ಕೆ ಬರೋಣ. ಗಾಡಿ ಚಾಲೂ ಆಗದಿದ್ದರೆ ಜನ ಮೊದಲು ಕಾರ್ಬೊರೇಟರಿಗೆ ಕೈಹಾಕುತ್ತಾರೆ. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ನಾವು ಕೂಡಿಸಿದ್ದನ್ನು ಮತ್ತೆ ನೋಡುತ್ತಿದ್ದೆವು, ಲೆಡ್ಜರನ್ನೇ ತಿದ್ದುತ್ತಿರಲಿಲ್ಲ. ಮೊದಲು ಕರೆಂಟು ನೋಡಿ. ಬ್ಯಾಟರಿಯ ತುದಿಗಳಿಗೆ ಕಿಲುಬು ಹಿಡಿದಿದ್ದರೆ ಸೆಲ್ಫ್ ಸೋತು ತಿರುಗುತ್ತದೆ. ಸೆಲ್ಫ್ ಚುರುಕಾಗಿದ್ದರೆ ಒಂದು ಪ್ಲಗ್ ಬಿಚ್ಚಿ. ಅದು ಒದ್ದೆಯಿದ್ದರೆ ಪೆಟ್ರೋಲು ಬರುತ್ತಿದೆ. ಕಿಡಿಯಿಲ್ಲ, ಇಲ್ಲವೇ ಚೋಕ್ ಅತಿಯಾಗಿ ಎಳೆದಿದ್ದೀರಿ. ಕಿಡಿಯ ದೋಷ ಬಹಳ ಸಲ ಪಾಯಿಂಟಿನದು. ಅದರ ಮುಖ ಸುಟ್ಟಿರುತ್ತದೆ, ಸುಮಾರು 0.4 ಮಿ.ಮೀ. ಇರಬೇಕಾದ ಸಂದು ಮುಚ್ಚಿಹೋಗಿರುತ್ತದೆ. ಪ್ಲಗ್ ಒಣಗಿದ್ದರೆ ಪೈಪು, ಫಿಲ್ಟರು, ಪಂಪಿನ ರಬ್ಬರ್ ಪೊರೆ ನೋಡಿ. ವೇಗದಲ್ಲಿ ಚೆನ್ನಾಗಿ ಓಡಿ, ನಿಲ್ಲಿಸಿದಾಗ ಮಾತ್ರ ಬಂದ್ ಬೀಳುವ ಪದ್ಮಿನಿಯ ಸ್ಲೋ ಜೆಟ್ಟಿನಲ್ಲಿ ಕಸ ಕೂತಿರುತ್ತದೆ. ಇಲ್ಲವೇ ಕಾರ್ಬೊರೇಟರ್ ಬುಡದ ಗ್ಯಾಸ್ಕೆಟ್ ಹರಿದು ಗಾಳಿ ಎಳೆಯುತ್ತಿರುತ್ತದೆ.

ಇದೆಲ್ಲ ಸರಿಯಿದ್ದೂ ನಿಂತಲ್ಲೇ ನಡುಗುತ್ತಿದ್ದರೆ? ಗಾಡಿ ಅದೇ, ಪೆಟ್ರೋಲು ಮಾತ್ರ ಬೇರೆ. ಆ ಎಂಜಿನ್ ಸೀಸ ಬೆರೆತ ಪೆಟ್ರೋಲಿಗೆಂದು ಮಾಡಿದ್ದು. 2000ದಲ್ಲಿ ದೇಶದಲ್ಲೆಲ್ಲ ಸೀಸ ನಿಂತಿತು. ಮಕ್ಕಳ ಮಿದುಳಿಗೆ ವಿಷವಾಗಿದ್ದ ಅದು ಹೋದದ್ದು ಒಳ್ಳೆಯದೇ. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇಕಡ 20 ಎಥೆನಾಲ್ ಸೇರಿತು. ಅದು ನಮ್ಮ ಕಬ್ಬಿನಿಂದಲೂ ತಯಾರಾಗುತ್ತದೆ. ಕಬ್ಬಿನ ಬಿಲ್ಲಿಗೆ ಕಾಯುವ ನಾವು ಅದನ್ನು ಹೇಗೆ ಬೇಡವೆನ್ನೋಣ? ಆದರೆ ಎಥೆನಾಲಿನೊಳಗೇ ಆಮ್ಲಜನಕವಿದೆ. ಹೀಗಾಗಿ ಹಳೆಯ ಜೆಟ್ ಅಳೆದು ಕೊಡುವ ಪ್ರಮಾಣ ಸಾಲದಾಗುತ್ತದೆ. ಚಳಿಯಲ್ಲಿ ಅದು ಬೇಗ ಆವಿಯಾಗುವುದಿಲ್ಲ, ನೀರು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

ಆದ್ದರಿಂದ ಪೈಪು, ಪಂಪಿನ ಪೊರೆ ಎರಡನ್ನೂ ಎಥೆನಾಲ್ ತಾಳುವ ರಬ್ಬರಿನವು ಕೇಳಿ ಹಾಕಿಸಿ. ತಿಂಗಳುಗಟ್ಟಲೆ ಹಳೆಯ ಪೆಟ್ರೋಲು ಟಾಕಿಯಲ್ಲಿ ಬಿಡಬೇಡಿ. ಆಮೇಲಷ್ಟೇ, ಎಂಜಿನ್ ಬಿಸಿಯಾದ ಮೇಲೆ, ಮಿಸ್ತ್ರಿಯಿಂದ ಮಿಕ್ಸ್ಚರ್ ತುಸು ಹೆಚ್ಚಿಸಿಕೊಳ್ಳಿ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಪದ್ಮಿನಿಯದು ಅದಕ್ಕೂ ಎಷ್ಟೋ ಮೊದಲು. ಬಿಚ್ಚಿದ ಹಳೆಯ ಕಾರ್ಬೊರೇಟರನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ.